ಕರಾವಳಿಯಲ್ಲಿ ಒಂದು ದಿನದ ಸೈಕಲ್ ಯಾನ: ಕುಂದಾಪುರ–ಮುರುಡೇಶ್ವರವೋ, ಗೋಕರ್ಣ–ಕಾಸರಕೋಡವೋ?

ಹಗಲೆಲ್ಲ ಸೈಕಲ್ ತುಳಿದು ರಾತ್ರಿ ಡೇರೆಯಲ್ಲಿ ತಂಗಲು ಈ ಎರಡರಲ್ಲಿ ಯಾವ ದಾರಿ ಸೂಕ್ತವೆಂದು ಕೇಳಿದ್ದೀರಿ.

ಕುಂದಾಪುರದಿಂದ ಮುರುಡೇಶ್ವರಕ್ಕೆ ಸುಮಾರು 65 ಕಿ.ಮೀ. ದೂರವಿದ್ದು, ಬಹುಪಾಲು ರಾಷ್ಟ್ರೀಯ ಹೆದ್ದಾರಿ 66ರಲ್ಲೇ ಸಾಗಬೇಕು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಮರವಂತೆಯನ್ನು ಸೈಕಲ್ಲಿನ ನಿಧಾನಗತಿಯಲ್ಲಿ ದಾಟುವುದು ನಿಜಕ್ಕೂ ದೊಡ್ಡ ಸುಖ. ಆದರೆ ಲಾರಿ, ಬಸ್ಸುಗಳ ವೇಗಕ್ಕೆ ಹೆದರದ ಅಭ್ಯಾಸ ಬೇಕು.

ಗೋಕರ್ಣದ ದಾರಿ ಇದಕ್ಕಿಂತ ಚಿಕ್ಕದು. ತದಡಿಯಲ್ಲಿ ಸೈಕಲ್ಲನ್ನು ದೋಣಿಗೆ ಹತ್ತಿಸಿ ನದಿ ದಾಟಿ, ಅಘನಾಶಿನಿ ಊರಿನಿಂದ ಹಳ್ಳಿ ರಸ್ತೆಯಲ್ಲಿ ಕುಮಟಾ ತಲುಪಿದರೆ ಅಲ್ಲಿಯವರೆಗೆ ಹೆದ್ದಾರಿಯ ಗದ್ದಲ ತಪ್ಪುತ್ತದೆ. ಏರಿಳಿತಗಳಲ್ಲಿ ಹೊರೆ ಹೊತ್ತ ಸೈಕಲ್ಲನ್ನು ಕೆಲವೆಡೆ ತಳ್ಳಬೇಕಾದೀತು, ದೋಣಿಯ ಸಮಯಕ್ಕೂ ಹೊಂದಿಕೊಳ್ಳಬೇಕು. ಮುಂದೆ ಹೊನ್ನಾವರಕ್ಕೂ ಅದರಾಚೆಯ ಕಾಸರಕೋಡಕ್ಕೂ ಹೆದ್ದಾರಿಯೇ ಗತಿ.

ಖರ್ಚಿನಲ್ಲಿ ಹೇಳಿಕೊಳ್ಳುವ ಅಂತರವಿಲ್ಲ. ದಣಿದವರಿಗೆ ಎರಡೂ ಕಡೆ ಕೊಂಕಣ ರೈಲಿನ ನಿಲ್ದಾಣಗಳು ಸಮೀಪದಲ್ಲಿವೆ.

ತಂಗುವ ವಿಷಯಕ್ಕೆ ಹೆಚ್ಚು ಗಮನ ಬೇಕು. ಮುರುಡೇಶ್ವರದಲ್ಲಿ ಯಾತ್ರಿಕರ ದಟ್ಟಣೆಯಿರುವುದರಿಂದ ಡೇರೆಗಿಂತ ವಸತಿಗೃಹವೇ ಅನುಕೂಲ. ಕಾಸರಕೋಡದ ಟೊಂಕ ತೀರದಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಆದ್ದರಿಂದ ಮರಳಿನ ಮೇಲೆ ಡೇರೆ ಹೂಡದೆ, ಬೆಂಕಿ ಹಚ್ಚದೆ, ಒಡೆಯರ ಅನುಮತಿ ಪಡೆದು ಯಾವುದಾದರೂ ತೋಟದಲ್ಲಿ ತಂಗಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ದೂರದ ಸವಾರಿಯ ರೂಢಿಯಿದ್ದು, ಬೆಳಕು ಹರಿಯುವ ಮುನ್ನ ಸಿದ್ಧರಾಗಬಲ್ಲವರಿಗೆ ಮೊದಲನೆಯದು ಒಪ್ಪುತ್ತದೆ. ಮಕ್ಕಳೊಡನೆ ಅಥವಾ ಮೊದಲ ಬಾರಿಗೆ ಹೊರಟವರು ಎರಡನೆಯದನ್ನು ಆರಿಸಿ, ಕುಮಟಾದಲ್ಲೇ ನಿಲ್ಲಿಸಬಹುದು. ಮುಂಗಾರಿನ ತಿಂಗಳುಗಳಲ್ಲಿ ಎರಡೂ ಬೇಡ.