ಗಟ್ಸ್ ಬದಲಾಗುವುದನ್ನು ನೋಡಲು ಯಾವ ‘ಬರ್ಸರ್ಕ್’ ಒಳ್ಳೆಯದು?

ಕೆಂಟಾರೊ ಮಿಯೂರಾ 1989ರಲ್ಲಿ ಆರಂಭಿಸಿದ ‘ಬರ್ಸರ್ಕ್’ ಎಂಬ ಜಪಾನೀ ಚಿತ್ರಕಥಾ ಸರಣಿಯನ್ನು ನಾನು ಅನಿಮೆಯಾಗಿ, ಅಂದರೆ ಜಪಾನೀ ಅನಿಮೇಷನ್ ಧಾರಾವಾಹಿಯಾಗಿ ನೋಡಿದ್ದೇನೆ, ಮೂರು ಮೂರು ಸಂಪುಟಗಳನ್ನು ಒಂದೊಂದು ದೊಡ್ಡ ಪುಸ್ತಕವಾಗಿಸಿದ ಡಿಲಕ್ಸ್ ಆವೃತ್ತಿಯಲ್ಲೂ ಬಿಡಿ ಸಂಪುಟಗಳಲ್ಲೂ ಓದಿದ್ದೇನೆ. ನಾಯಕ ಗಟ್ಸ್ ಹೇಗೆ ಬೆಳೆಯುತ್ತಾನೆ ಎಂಬುದೇ ನಿಮ್ಮ ಕುತೂಹಲವಾಗಿದ್ದರೆ, ಡಾರ್ಕ್ ಹಾರ್ಸ್ ಪ್ರಕಟಿಸಿದ ಇಂಗ್ಲಿಷ್ ಬಿಡಿ ಸಂಪುಟಗಳನ್ನೇ ಕೊಳ್ಳಿ ಎನ್ನುತ್ತೇನೆ. ಆಸೆಪಟ್ಟು ಡಿಲಕ್ಸ್ ತರಿಸಿಕೊಂಡ ಮೇಲೆಯೇ ನನಗೆ ಇದು ಖಚಿತವಾಯಿತು.

1997ರ ಅನಿಮೆಯಲ್ಲಿ 25 ಕಂತುಗಳಿವೆ. ಬೆಟ್ಟದ ಮೇಲೆ ನಿಂತು ಸೈನಿಕರ ಬೆಂಕಿಗಳನ್ನು ನೋಡುತ್ತ ಗಟ್ಸ್ ಮತ್ತು ಅವನ ಜೊತೆಗಾತಿ ಯೋಧೆ ಕಾಸ್ಕಾ ಮಾತಾಡುವ ದೃಶ್ಯ ಅದರಲ್ಲಿ ಸೊಗಸಾಗಿ ಬಂದಿದೆ. ಆದರೆ ಗಟ್ಸ್‌ನ ಸಂಗಾತಿಗಳನ್ನು ದೆವ್ವಗಳಿಗೆ ಬಲಿಕೊಡುವ ಗ್ರಹಣದ ಘಟ್ಟಕ್ಕೆ ಬಂದು ಕಥೆ ನಿಂತುಬಿಡುತ್ತದೆ, ಗಟ್ಸ್ ಅಲ್ಲಿಂದ ಪಾರಾದ ಬಗೆಯನ್ನೂ ತೋರಿಸುವುದಿಲ್ಲ. ಪಕ್ ಎಂಬ ಪುಟ್ಟ ಯಕ್ಷನಂತೂ ಅದರಲ್ಲಿ ಇಲ್ಲವೇ ಇಲ್ಲ.

ಪಕ್ ಇಲ್ಲದಿರುವುದು ಸಣ್ಣ ಕೊರತೆಯಲ್ಲ. ಮೂರನೆಯ ಸಂಪುಟದಲ್ಲಿ ತಂದೆಯನ್ನು ಕಳೆದುಕೊಂಡ ತೆರೇಸಿಯಾ ಎಂಬ ಹುಡುಗಿಯೊಡನೆ ಕ್ರೂರವಾಗಿ ಮಾತಾಡಿ ಬೆನ್ನು ತಿರುಗಿಸಿ ನಡೆದುಬಿಡುವ ಗಟ್ಸ್‌ನ ಮುಖದಲ್ಲಿ ಕಣ್ಣೀರಿರುತ್ತದೆ. ಅದು ಪಕ್‌ಗೆ ಕಾಣುತ್ತದೆ, ಹುಡುಗಿಗೆ ಕಾಣುವುದಿಲ್ಲ. ಹದಿನೇಳನೆಯ ಸಂಪುಟದಲ್ಲಿ, ಕಾಸ್ಕಾಳನ್ನು ಬಿಟ್ಟು ಸೇಡಿನ ಹಿಂದೆ ಹೋದವನನ್ನು ಮುದಿ ಕಮ್ಮಾರ ಗೋಡೊ ತರಾಟೆಗೆ ತೆಗೆದುಕೊಳ್ಳುವಾಗ, ಅದೇ ಗಟ್ಸ್ ಎದುರಾಡದೆ ಕೇಳಿಸಿಕೊಳ್ಳುತ್ತಾನೆ. ಈ ಬೆಳವಣಿಗೆ ನೇರ ಗೆರೆಯಲ್ಲಿ ಸಾಗುವುದೂ ಇಲ್ಲ. ಮುಂದೆ ಹಿಮದ ಹಾದಿಯಲ್ಲಿ ಕಾಸ್ಕಾಳೊಬ್ಬಳ ಜೊತೆ ಹೋಗುವಾಗ ಒಳಗಿನ ಮೃಗ ಅವನನ್ನು ಮತ್ತೆ ಹಿಡಿಯುತ್ತದೆ, ಆಮೇಲಷ್ಟೇ ಅವನು ಫಾರ್ನೀಸ್, ಸರ್ಪಿಕೊ, ಇಸಿದ್ರೊ ಎಂಬ ಮೂವರನ್ನು ಜೊತೆಗೆ ಬರಗೊಡುತ್ತಾನೆ. ಇದನ್ನೆಲ್ಲ ಹಿಡಿಯಬೇಕಾದರೆ ಮೂರನ್ನೂ ಹದಿನೇಳನ್ನೂ ಅಕ್ಕಪಕ್ಕ ಬಿಡಿಸಿಟ್ಟು ಮುಖಗಳನ್ನು ಹೋಲಿಸಬೇಕು. ಡಿಲಕ್ಸ್‌ನಲ್ಲಿ ಅವು ಒಂದನೆಯ ಮತ್ತು ಆರನೆಯ ಪುಸ್ತಕಗಳಲ್ಲಿವೆ. ಅಂಥ ಎರಡು ಭಾರಿ ಪುಸ್ತಕಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಓದುವುದು ನನ್ನಿಂದಾಗದು.

ಡಿಲಕ್ಸ್‌ನ ನಿಜವಾದ ಕಾಟ ಬೇರೆಯೇ ಇದೆ. ಅದರ ಹೊದಿಕೆ ಚರ್ಮದಂತೆ ತರಿತರಿಯಾಗಿರುವ ಕಪ್ಪು ರಟ್ಟು. ತೀರ್ಥಹಳ್ಳಿಯ ಕಡೆ ಮಳೆ ಹಿಡಿದರೆ ಮನೆಯೊಳಗೆ ಒಣಗಿದ ವಸ್ತು ಎಂಬುದೇ ಇರುವುದಿಲ್ಲ. ಆ ತರಿಗಳ ಸಂದಿನಲ್ಲಿ ಬೂದುಬಣ್ಣದ ಬೂಷ್ಟು ಕೂರುತ್ತದೆ, ಒಣಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ನಾಲ್ಕು ದಿನ ಬಿಟ್ಟು ನೋಡಿದರೆ ಮತ್ತೆ ಕೂತಿರುತ್ತದೆ. ಬೇರೆ ಬಣ್ಣದ ರಟ್ಟಾಗಿದ್ದರೆ ಇಷ್ಟು ಎದ್ದು ಕಾಣುತ್ತಿರಲಿಲ್ಲವೇನೋ.

ಅಮ್ಮ ಒಲೆಯ ಮೇಲಿನ ಅಟ್ಟದಲ್ಲಿ ಇಡು ಎಂದರು. ಅಡಕೆಗೆ, ಹುಣಸೆಹಣ್ಣಿಗೆ ಸರಿಹೋಗುವ ಆ ಜಾಗದಲ್ಲಿ ಹಾಳೆಗಳಿಗೆ ಹೊಗೆಯ ವಾಸನೆ ಹತ್ತಿತು, ಬೂಷ್ಟು ಮಾತ್ರ ಹೋಗಲಿಲ್ಲ. ನುಸಿಗುಳಿಗೆಗಳನ್ನು ಹಾಕಿ ಕಪಾಟಿನಲ್ಲಿಟ್ಟರೆ ಬಾಗಿಲು ತೆಗೆದಾಗಲೆಲ್ಲ ತಲೆ ಸಿಡಿಯುತ್ತದೆ. ಬಿಡಿ ಸಂಪುಟಗಳಿಗೂ ಥಂಡಿ ತಾಗದೇ ಇರುವುದಿಲ್ಲ, ಆದರೆ ಅವುಗಳ ಹೊದಿಕೆ ನುಣುಪಾಗಿದೆ, ಗಾತ್ರವೂ ಸಣ್ಣದು. ಹಲಸಿನ ಹಪ್ಪಳದ ದೊಡ್ಡ ಡಬ್ಬಿಯೊಂದನ್ನು ತೆರವು ಮಾಡಿಸಿಕೊಂಡು, ಸಿಲಿಕಾ ಜೆಲ್ ಪೊಟ್ಟಣಗಳ ಸಮೇತ ಅವನ್ನು ಅದರೊಳಗೆ ತುಂಬಿ ಮುಚ್ಚಳ ಬಿಗಿದಿದ್ದೇನೆ. ಹಪ್ಪಳದ ಬಗ್ಗೆ ಮನೆಯಲ್ಲಿ ಇನ್ನೂ ತಕರಾರಿದೆ.

ದೊಡ್ಡ ಪುಟದಲ್ಲಿ ಮಿಯೂರಾ ಅವರ ಗೆರೆಗಳು ಅದ್ಭುತವಾಗಿ ಕಾಣುತ್ತವೆ ಎಂಬುದನ್ನು ಒಪ್ಪುತ್ತೇನೆ. ಶಿವಮೊಗ್ಗ ಪೇಟೆಯಲ್ಲಿ ಒಣ ಕೋಣೆ, ಗಾಜಿನ ಕಪಾಟು ಇರುವವರು ಡಿಲಕ್ಸ್ ಕೊಳ್ಳಲಿ. ಬಿಡಿ ಸಂಪುಟಗಳಲ್ಲಿ ನಡುನಡುವಿನ ಕೆಲವು ಬೇಕೆಂದಾಗ ಸಿಗುವುದಿಲ್ಲ, ಕಾಯಬೇಕಾಗುತ್ತದೆ. ಮೂರು ಬಿಡಿ ಸಂಪುಟಗಳ ಬೆಲೆಯೂ ಒಂದು ಡಿಲಕ್ಸ್‌ನ ಬೆಲೆಯೂ ಹೆಚ್ಚುಕಡಿಮೆ ಒಂದೇ, ಆದರೆ ಅಷ್ಟು ಹಣವನ್ನು ಒಂದೇ ಸಲ ಎಣಿಸುವುದಕ್ಕಿಂತ ತಿಂಗಳಿಗೊಂದು ಸಂಪುಟ ಕೊಂಡು ಶಿವಮೊಗ್ಗದ ಬಸ್ಸಿನಲ್ಲಿ ಓದುವುದು ನನ್ನ ಸಂಬಳಕ್ಕೆ ಹೊಂದುತ್ತದೆ.

ಮಿಯೂರಾ 2021ರಲ್ಲಿ ತೀರಿಕೊಂಡರು. ಅವರ ಗೆಳೆಯ ಕೋಜಿ ಮೋರಿ ಮತ್ತು ಅವರ ಸಹಾಯಕ ಚಿತ್ರಕಾರರ ತಂಡವಾದ ಸ್ಟುಡಿಯೊ ಗಾಗಾ 2022ರಿಂದ ಕಥೆಯನ್ನು ಮುಂದುವರಿಸುತ್ತಿದ್ದಾರೆ, 42ನೆಯ ಸಂಪುಟ ಜಪಾನಿನಲ್ಲಿ 2023ರಲ್ಲಿ ಬಂತು. ಹದಿನಾಲ್ಕನೆಯ ಡಿಲಕ್ಸ್‌ನಲ್ಲೇ 40 ಮತ್ತು 41ರ ಜೊತೆಗೆ ಮಾರ್ಗದರ್ಶಿ ಪುಸ್ತಕವೊಂದನ್ನು ಸೇರಿಸಿ ಪುಟ ತುಂಬಿಸಿದ್ದಾರೆ. ಹೊಸ ಸಂಪುಟಗಳು ಬರುವ ಈ ವೇಗದಲ್ಲಿ ಇನ್ನೊಂದು ಡಿಲಕ್ಸ್‌ಗೆ ಸಾಕಾಗುವಷ್ಟು ಕೂಡಲು ವರ್ಷಗಳೇ ಬೇಕು. ಬಿಡಿಯಾಗಿ ಕೊಳ್ಳುವವರಿಗೆ ಬಂದದ್ದು ಬಂದ ಹಾಗೆ ಕೈಗೆ ಸಿಗುತ್ತದೆ.