ಗಾಡಿ 2005ರದ್ದು, ಎಂಜಿನ್ 2021ರದ್ದು: ಹಳೇ ಮಾಜ್ದಾ ಆರ್‌ಎಕ್ಸ್-8 ತಗೊಂಡು 14 ತಿಂಗಳು

ಜಾಹೀರಾತಿನಲ್ಲಿ ಇದ್ದಿದ್ದು ಒಂದೇ ಸಾಲು. "ಹೊಸ ಎಂಜಿನ್, ಓಡಿರುವುದು ಬರೀ 9 ಸಾವಿರ ಮೈಲಿ." ಗಾಡಿ 2005ರದ್ದು, ಮೀಟರಿನಲ್ಲಿ 81 ಸಾವಿರ ಮೈಲಿ, ಬಣ್ಣ ಕೆಂಪು, ಬೆಲೆ 3,400 ಪೌಂಡ್. ಇಂಗ್ಲೆಂಡಿನ ಕವೆಂಟ್ರಿಯ ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಕೂತು ಆ ಹನ್ನೆರಡು ಫೋಟೋಗಳನ್ನು ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ. ಹೆಂಡತಿ ಪಕ್ಕದಿಂದ ಇಣುಕಿ, "ಹೊಸ ಎಂಜಿನ್ ಹಾಕಿಸಿದ ಮೇಲೆ ಯಾಕ್ರೀ ಮಾರ್ತಿದಾನೆ ಅವನು?" ಅಂದಳು. ಒಳ್ಳೇ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು ಕೇಳಬೇಕಿತ್ತು, ಹಳೇ ಎಂಜಿನ್ ಯಾಕೆ ಹೋಯಿತು ಅಂತ. ಅದು ನನಗೆ ಹೊಳೆದಿದ್ದು ಇನ್ನೆರಡು ಗಾಡಿ ನೋಡಿದ ಮೇಲೆ.

ಆರ್‌ಎಕ್ಸ್-8 ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮಾಜ್ದಾದ ಸ್ಪೋರ್ಟ್ಸ್ ಕಾರು, 2003ರಲ್ಲಿ ಬಂತು, 2012ರಲ್ಲಿ ನಿಂತಿತು. ಯುರೋಪಿನಲ್ಲಿ ಹೊಗೆಯ ಹೊಸ ನಿಯಮ ಬಂದಾಗ 2010ಕ್ಕೇ ಶೋರೂಮಿನಿಂದ ಹೋಯಿತು. ಇದರ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ, ಮೂರು ಮೂಲೆಯ ಎರಡು ರೋಟರ್ ಇವೆ. ಊರಲ್ಲಿ ಒರಳಿನಲ್ಲಿ ದೋಸೆ ಹಿಟ್ಟು ರುಬ್ಬಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗುಂಡು ಒರಳಿನ ಗೋಡೆಗೆ ಒರಗಿಕೊಂಡೇ ಸುತ್ತುತ್ತದೆ ಅಲ್ವಾ, ಹೆಚ್ಚುಕಡಿಮೆ ಹಾಗೇ. ಇಲ್ಲಿನ ಗುಂಡಿಗೆ ಮೂರು ಮೂಲೆ. ಒಂದೊಂದು ಮೂಲೆಯಲ್ಲೂ ಒಂದು ತೆಳು ಪಟ್ಟಿ ಇರುತ್ತದೆ, ಅದು ಗೋಡೆಯನ್ನು ಉಜ್ಜುತ್ತಾ ಒಳಗಿನ ಒತ್ತಡ ಸೋರದಂತೆ ತಡೆಯುತ್ತದೆ. ಅದಕ್ಕೆ ಏಪೆಕ್ಸ್ ಸೀಲ್ ಅನ್ನುತ್ತಾರೆ. ಈ ಎಂಜಿನ್ನಿನ ಜೀವ ಇರುವುದೇ ಅದರಲ್ಲಿ. ಸೀಲ್ ಸವೆದರೆ ಕಂಪ್ರೆಶನ್, ಅಂದರೆ ಒಳಗೆ ಹಿಂಡಿದ ಗಾಳಿಯ ಒತ್ತಡ, ಇಳಿಯುತ್ತದೆ, ಕಂಪ್ರೆಶನ್ ಇಳಿದರೆ ಬಿಸಿ ಇದ್ದಾಗ ಸ್ಟಾರ್ಟ್ ಆಗುವುದಿಲ್ಲ, ಆಮೇಲೆ ತಣ್ಣಗಿದ್ದರೂ ಆಗುವುದಿಲ್ಲ. 1,308 ಸಿಸಿಯಲ್ಲಿ 231 ಪಿಎಸ್ ಶಕ್ತಿ ತೆಗೆದಿದ್ದಕ್ಕೆ 2003ರಲ್ಲಿ ವರ್ಷದ ಅಂತರರಾಷ್ಟ್ರೀಯ ಎಂಜಿನ್ ಅಂತ ಪ್ರಶಸ್ತಿಯೂ ಸಿಕ್ಕಿತ್ತು. ಪ್ರಶಸ್ತಿ ಕೊಟ್ಟವರು 80 ಸಾವಿರ ಮೈಲಿ ಓಡಿಸಿ ನೋಡಿರಲಿಕ್ಕಿಲ್ಲ ಬಿಡಿ.

ಹೀಗಾಗಿ ಬೇರೆ ಕಾರಿನಲ್ಲಿ "ಎಂಜಿನ್ ಬದಲಾಗಿದೆ" ಅಂದರೆ ನಾವು ಎರಡು ಹೆಜ್ಜೆ ಹಿಂದೆ ಹೋಗುತ್ತೇವೆ, ಆರ್‌ಎಕ್ಸ್-8ನಲ್ಲಿ ಮಾತ್ರ ಎಂಜಿನ್ ಬದಲಾಗದೇ ಇರುವ ಹಳೇ ಗಾಡಿ ಕಂಡರೇ ಅನುಮಾನ ಬರಬೇಕು. ಇದು ಇವತ್ತಿನ ಕಥೆಯೂ ಅಲ್ಲ. 1967ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿ ಆರ್‌ಓ 80 ಅಂತ ರೋಟರಿ ಕಾರು ಬಿಟ್ಟಾಗಲೂ ಎಂಜಿನ್ ಬದಲಾಯಿಸಿ ಬದಲಾಯಿಸಿ ಸಾಕಾಗಿ, ಎಷ್ಟೋ ಜನ ಅದಕ್ಕೆ ಫೋರ್ಡಿನ ವಿ4 ಎಂಜಿನ್ ಕೂರಿಸಿಕೊಂಡಿದ್ದರು.

ಮೊದಲು ನೋಡಿದ್ದು ನಾರ್ಥಾಂಪ್ಟನ್ ಹತ್ತಿರದ ಒಂದು ಗಾಡಿ. ಅದಕ್ಕೂ "ಹೊಸ ಎಂಜಿನ್". ಬಿಲ್ ಕೇಳಿದೆ. ಕೊಟ್ಟ ಚೀಟಿಯಲ್ಲಿ 650 ಪೌಂಡ್ ಅಂತಿತ್ತು. ಅಷ್ಟಕ್ಕೆ ಈ ಎಂಜಿನ್ನಿನ ಒಂದು ಹೌಸಿಂಗ್, ಅಂದರೆ ರೋಟರ್ ಸುತ್ತುವ ಗೂಡು, ಬಂದರೆ ಹೆಚ್ಚು. ಓದಿ ನೋಡಿದರೆ ಗುದ್ದಿಸಿಕೊಂಡು ಗುಜರಿಗೆ ಹೋದ ಇನ್ನೊಂದು ಆರ್‌ಎಕ್ಸ್-8ರಿಂದ ಬಿಚ್ಚಿದ ಎಂಜಿನ್, ಅದು ಎಷ್ಟು ಓಡಿತ್ತು ಅನ್ನುವುದು ಯಾರಿಗೂ ಗೊತ್ತಿಲ್ಲ. ಈ ಗಾಡಿಗೆ ಹೊಸದು ಅಷ್ಟೇ! ಜಾಹೀರಾತಿನಲ್ಲಿ "ಹೊಸ ಎಂಜಿನ್" ಅನ್ನುವ ಮಾತು ಮೂರು ಬೇರೆ ಬೇರೆ ವಸ್ತುಗಳಿಗೆ ಓಡಾಡುತ್ತದೆ ಅಂತ ಆವತ್ತು ಗೊತ್ತಾಯಿತು. ಕಂಪನಿಯಿಂದಲೇ ಬಂದದ್ದು ಒಂದು, ರೋಟರಿ ಗೊತ್ತಿರುವ ಗ್ಯಾರೇಜಿನವರು ಬಿಚ್ಚಿ ಮತ್ತೆ ಕಟ್ಟಿದ್ದು ಇನ್ನೊಂದು, ಗುಜರಿಯಿಂದ ಎತ್ತಿದ್ದು ಮತ್ತೊಂದು. ಕಟ್ಟಿದ್ದರಲ್ಲೂ ಎರಡು ಜಾತಿ ಇದೆ. ಕೆಲವರು ಸವೆದ ಹೌಸಿಂಗನ್ನೇ ಒರೆಸಿ ಹೊಸ ಸೀಲ್ ಹಾಕಿ ಮುಚ್ಚಿಬಿಡುತ್ತಾರೆ. ಗೀರು ಬಿದ್ದ ಗೋಡೆಗೆ ಹೊಸ ಪಟ್ಟಿ ಎಷ್ಟು ದಿನ ತಡೆಯುತ್ತದೆ ಹೇಳಿ.

ಎರಡನೇ ಗಾಡಿಯ ಮಾಲೀಕ ಭಾರೀ ಉಪಚಾರದ ಮನುಷ್ಯ. ನಾವು ಹೋಗುವಷ್ಟರಲ್ಲಿ ಗಾಡಿ ಸ್ಟಾರ್ಟ್ ಮಾಡಿ ನಿಲ್ಲಿಸಿದ್ದ. ಟೀ ಕೊಟ್ಟ. ಅರ್ಧ ಗಂಟೆ ಓಡಿಸಿ ಬಂದು ನಾನು ಕೀ ತಿರುಗಿಸಲು ಹೋದರೆ, "ಆಫ್ ಮಾಡಬೇಡಿ, ಬ್ಯಾಟರಿ ಸ್ವಲ್ಪ ವೀಕ್" ಅಂದ. ನಾನು ಕೇಳಿಸದವನ ಹಾಗೆ ಆಫ್ ಮಾಡಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟರ್ ಚೆನ್ನಾಗಿಯೇ ತಿರುಗಿತು, ಬ್ಯಾಟರಿಗೇನೂ ಆಗಿರಲಿಲ್ಲ. ಎಂಜಿನ್ ಮಾತ್ರ ಹತ್ತಲಿಲ್ಲ. ಅವನೂ ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ. ಟೀಗೆ ಥ್ಯಾಂಕ್ಸ್ ಹೇಳಿ ಬಂದೆವು.

ಮೂರನೆಯದು ಆ ಕೆಂಪು ಗಾಡಿ. ಹೋಗುವ ಮುಂಚೆ ಸರ್ಕಾರಿ ವೆಬ್‌ಸೈಟಿನಲ್ಲಿ ಎಂಒಟಿ (ಗಾಡಿಯ ವಾರ್ಷಿಕ ತಪಾಸಣೆ) ಚರಿತ್ರೆ ತೆಗೆದೆ. ಬ್ರಿಟನ್ನಿನಲ್ಲಿ ಇದು ಪುಕ್ಕಟೆ, ನಂಬರ್ ಪ್ಲೇಟ್ ಹಾಕಿದರೆ ಪ್ರತಿ ವರ್ಷದ ಪರೀಕ್ಷೆಯಲ್ಲಿ ಮೀಟರ್ ಎಷ್ಟಿತ್ತು, ಏನು ದೋಷ ಹೇಳಿದರು ಎಲ್ಲಾ ಬರುತ್ತದೆ. 2019ರಿಂದ 2021ರವರೆಗೆ ಖಾಲಿ. ಅಲ್ಲಿಗೆ ಗಾಡಿ ಎರಡು ವರ್ಷ ಸತ್ತು ಮಲಗಿತ್ತು ಅಂತಾಯಿತು. 2021ರ ಪರೀಕ್ಷೆಯಲ್ಲಿ ಮೀಟರ್ 72 ಸಾವಿರ. ಅವನು ಹೇಳಿದ 9 ಸಾವಿರದ ಲೆಕ್ಕ ಸರಿಹೋಯಿತು. ಹಿಂದಿನ ಚಕ್ರದ ಕಮಾನಿನ ಹತ್ತಿರ ತುಕ್ಕು ಅಂತ ಎರಡು ಸಲ ಬರೆದಿದ್ದರು. ಅದು ಈ ಕಾರಿನ ಮಾಮೂಲಿ ಕಾಯಿಲೆ.

ಬಿಲ್ ನಾಲ್ಕು ಪುಟ ಇತ್ತು. ನಾನು ಅವನ ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಪರೀಕ್ಷೆಗೆ ಓದುವ ಹುಡುಗನ ಹಾಗೆ ಓದಿದೆ. ಎರಡೂ ರೋಟರ್ ಹೌಸಿಂಗ್ ಹೊಸದು. ಸೀಲ್, ಸ್ಪ್ರಿಂಗ್, ಬೇರಿಂಗ್ ಪೂರ್ತಿ ಸೆಟ್. ಬಿಚ್ಚಿದಾಗ ತೆಗೆದ ಫೋಟೋಗಳನ್ನೂ ಪಿನ್ ಮಾಡಿದ್ದರು, ಹಳೇ ಹೌಸಿಂಗಿನ ಅಂಚಿನಲ್ಲಿ ಕ್ರೋಮ್ ಹಪ್ಪಳದಂತೆ ಎದ್ದು ಉದುರಿತ್ತು. ಒಟ್ಟು 4,150 ಪೌಂಡ್. ಅಂದರೆ ನಾನು ಇಡೀ ಗಾಡಿಗೆ ಕೊಡಲಿದ್ದಕ್ಕಿಂತ ಜಾಸ್ತಿ. ಇಷ್ಟೆಲ್ಲಾ ಇದ್ದ ಬಿಲ್ಲಿನಲ್ಲಿ ಎರಡು ಐಟಂ ಮಾತ್ರ ಕಾಣಲಿಲ್ಲ, ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಮತ್ತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್).

ಇಲ್ಲೇ ನೋಡಿ ನನ್ನ ಮುಖ್ಯ ತಕರಾರು ಇರುವುದು. ಈ ಕಾರಿನಲ್ಲಿ ಕಾಯಿಲ್ ನಾಲ್ಕು, ಪ್ಲಗ್ ನಾಲ್ಕು. ಕಾಯಿಲ್‌ಗೆ ವಯಸ್ಸಾದರೆ ಕಿಡಿ ಮಂಕಾಗುತ್ತದೆ, ಉರಿಯದ ಪೆಟ್ರೋಲ್ ಹಾಗೇ ಹೊಗೆ ಕೊಳವೆಗೆ ಹೋಗಿ ಕ್ಯಾಟ್‌ನಲ್ಲಿ ಉರಿಯುತ್ತದೆ, ಕ್ಯಾಟ್ ಕೆಂಪಗೆ ಕಾದು ಒಳಗಿನ ಜೇನುಗೂಡು ಕರಗಿ ಕಟ್ಟಿಕೊಳ್ಳುತ್ತದೆ, ಆ ಬಿಸಿ ಮತ್ತು ಒತ್ತಡ ವಾಪಸ್ ಎಂಜಿನ್ನಿಗೇ ಬಂದು ಸೀಲ್ ತಿನ್ನುತ್ತದೆ. 150 ಪೌಂಡಿನ ಕಾಯಿಲ್ ಸೆಟ್ ಬದಲಾಯಿಸದೆ 4 ಸಾವಿರದ ಎಂಜಿನ್ ಕಳೆದುಕೊಂಡವರು ಇದ್ದಾರೆ. ಹಳೇ ಕಾಯಿಲ್ ಬಿಟ್ಟು ಎಂಜಿನ್ ಮಾತ್ರ ಬದಲಾಯಿಸುವುದು ಅಂದರೆ ಹೆಣ ಎತ್ತಿ ಹೊಸಬನನ್ನು ಅದೇ ಹಾವಿನ ಪಕ್ಕ ಮಲಗಿಸಿದ ಹಾಗೆ. ಮಾಲೀಕನನ್ನು ಕೇಳಿದೆ, ಹಳೇ ಎಂಜಿನ್ ಯಾಕೆ ಹೋಯಿತು? "ವಯಸ್ಸಾಗಿತ್ತು" ಅಂದ. ನಾನು 350 ಪೌಂಡ್ ಕಮ್ಮಿ ಮಾಡಿ ಅಂದೆ. ಮಾಡಿದ. ತಗೊಂಡ ವಾರದಲ್ಲೇ ಕಾಯಿಲ್, ಪ್ಲಗ್, ವೈರ್ ಎಲ್ಲಾ ಹೊಸದು ಹಾಕಿಸಿದೆ. ಹಳೇ ಕ್ಯಾಟ್ ಬಿಚ್ಚಿ ಅಲ್ಲಾಡಿಸಿದರೆ ಒಳಗೆ ಗಲಗಲ ಸದ್ದು. ಅದನ್ನೂ ಬದಲಾಯಿಸಿದೆ.

ಕಂಪ್ರೆಶನ್ ಟೆಸ್ಟ್ ಮಾಡಿಸದೆ ಈ ಕಾರು ತಗೋಬೇಡಿ. ಮಾಮೂಲಿ ಗೇಜ್ ಇದಕ್ಕೆ ಆಗುವುದಿಲ್ಲ, ಅದು ಒಂದು ರೋಟರಿನ ಮೂರು ಮುಖಗಳಲ್ಲಿ ಚೆನ್ನಾಗಿರುವ ಒಂದನ್ನು ಮಾತ್ರ ತೋರಿಸಿ ಉಳಿದದ್ದನ್ನು ಮುಚ್ಚಿಡುತ್ತದೆ. ರೋಟರಿಗೆಂದೇ ಇರುವ ಯಂತ್ರ ಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅಳೆದು ಆರು ಸಂಖ್ಯೆ ಕೊಡುತ್ತಾರೆ. ಮಾಜ್ದಾ ಪ್ರಕಾರ 250 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ 250 ಸುತ್ತು) ಲೆಕ್ಕಕ್ಕೆ ಚದರ ಸೆಂಟಿಮೀಟರಿಗೆ 8.5 ಕೆಜಿ ಇದ್ದರೆ ಹೊಸದರ ಹಾಗೆ, 6.9ಕ್ಕಿಂತ ಕೆಳಗೆ ಬಂದರೆ ಮುಗಿಯಿತು. ಮೊದಲ ಇಬ್ಬರು ಮಾಲೀಕರಿಗೆ ಟೆಸ್ಟ್ ಮಾತು ಎತ್ತಿದಾಗ ಫೋನ್ ತಣ್ಣಗಾಗಿತ್ತು. ಇವನು "ಮಾಡಿಸಿ, ಕಾಪಿ ನನಗೂ ಕೊಡಿ" ಅಂದ. 90 ಪೌಂಡ್ ಕೊಟ್ಟು ಮಾಡಿಸಿದೆ. ಮುಂದಿನ ರೋಟರ್ 8.0, 7.9, 8.1. ಹಿಂದಿನದು 7.5, 7.4, 7.6. ಆ ಚೀಟಿಯನ್ನು ಹೆಂಡತಿಗೆ ತೋರಿಸಿದಾಗ ಮಗುವಿನ ಸ್ಕ್ಯಾನ್ ರಿಪೋರ್ಟ್ ನೋಡಿದಷ್ಟು ಗಂಭೀರವಾಗಿ ನೋಡಿ ವಾಪಸ್ ಕೊಟ್ಟಳು.

ಕಾಗದಪತ್ರದ ವಿಷಯದಲ್ಲಿ ನಾನೇ ಎಡವಿದೆ. ಗಾಡಿ ಮನೆಗೆ ಬಂದ ಮೇಲೆ ನೋಡುತ್ತೇನೆ, ವಿ5ಸಿಯಲ್ಲಿ, ಅಂದರೆ ಇಲ್ಲಿನ ಆರ್‌ಸಿಯಲ್ಲಿ, ಇರುವ ಎಂಜಿನ್ ನಂಬರೇ ಬೇರೆ, ಎಂಜಿನ್ ಮೇಲೆ ಇರುವುದೇ ಬೇರೆ. ಗ್ಯಾರೇಜಿನವರು ಹಳೆಯದನ್ನು ತಗೊಂಡು ತಾವು ಕಟ್ಟಿಟ್ಟಿದ್ದ ಎಂಜಿನ್ ಕೂರಿಸಿದ್ದಾರೆ, ಮಾಲೀಕ ಗಾಡಿ ನೋಂದಣಿ ಇಲಾಖೆ ಡಿವಿಎಲ್‌ಎಗೆ ತಿಳಿಸಿಯೇ ಇಲ್ಲ. ಹಾಸನಕ್ಕೆ ಫೋನ್ ಮಾಡಿದಾಗ ಅಪ್ಪ, "ಎಂಜಿನ್ ನಂಬರ್ ಆರ್‌ಸಿಗೆ ತಾಳೆ ಆಗ್ದೇ ಇದ್ರೆ ಆ ಗಾಡಿ ಮುಟ್ಟಬಾರದು ಕಣೋ, ಅಷ್ಟೂ ಗೊತ್ತಿಲ್ವಾ?" ಅಂತ ಉಗಿದರು. ಪುಣ್ಯಕ್ಕೆ ಇಲ್ಲಿ ಅದು ದೊಡ್ಡ ತಾಪತ್ರಯ ಆಗಲಿಲ್ಲ. ಬಿಲ್ಲಿನ ಕಾಪಿ ಇಟ್ಟು ವಿ5ಸಿ ಕಳಿಸಿದೆ, ತಿದ್ದಿದ್ದು ಬಂತು, ದುಡ್ಡೂ ಕೇಳಲಿಲ್ಲ. ಇನ್ಶೂರೆನ್ಸ್‌ನವರಿಗೂ ಹೇಳಿದೆ. ಎಂಜಿನ್ ಕಟ್ಟಿದವರ ವಾರಂಟಿ ಮಾತ್ರ ಮೊದಲ ಮಾಲೀಕನಿಗೆ ಅಷ್ಟೇ ಅಂತೆ, ಅದೂ 12 ತಿಂಗಳು. ನನಗೆ ಸಿಕ್ಕಿದ್ದು ಬರೀ ಕಾಗದ. ಡೀಲರ್ ಹತ್ತಿರ ತಗೊಂಡಿದ್ದರೆ ದೋಷ ಇದ್ದಾಗ 30 ದಿನದೊಳಗೆ ವಾಪಸ್ ಮಾಡುವ ಹಕ್ಕಾದರೂ ಇರುತ್ತಿತ್ತು, ಹೀಗೆ ಖಾಸಗಿಯಾಗಿ ಮಾರುವವರ ಹತ್ತಿರ ತಗೊಂಡರೆ ಅದೂ ಇಲ್ಲ.

ಓಡಿಸುವುದು ಹೇಗಿದೆ? ಕಮ್ಮಿ ಆರ್‌ಪಿಎಂನಲ್ಲಿ ಸಪ್ಪೆ. ಎಳೆಯುವ ಬಲ, ಅಂದರೆ ಟಾರ್ಕ್, 211 ಎನ್‌ಎಂ, ಅದೂ 5,500 ಆರ್‌ಪಿಎಂಗೆ ಹೋದಾಗ. ಊರೊಳಗೆ ಡೀಸೆಲ್ ಫೋಕ್ಸ್‌ವ್ಯಾಗನ್ ಗಾಲ್ಫ್‌ನವರು ಸಲೀಸಾಗಿ ಹಿಂದೆ ಹಾಕುತ್ತಾರೆ. ಆರು ಸಾವಿರ ದಾಟಲಿ, ಆಮೇಲೆ ನೋಡಿ. ನಡುಕ ಇಲ್ಲ, ಗದ್ದಲ ಇಲ್ಲ, ಮಿಕ್ಸಿ ಮೂರನೇ ನಂಬರಿಗೆ ಹಾಕಿದ ಹಾಗೆ ಒಂದೇ ಸಮನೆ ಏರುತ್ತಾ ಹೋಗುತ್ತದೆ, ಸಾಕು ಅಂತ ಎಂಜಿನ್ ತಾನಾಗಿ ಹೇಳುವುದೇ ಇಲ್ಲ, ಅದಕ್ಕೇ 9,000ದ ಹತ್ತಿರ ಬೀಪ್ ಇಟ್ಟಿದ್ದಾರೆ. ಒಂದು ಭಾನುವಾರ ಬೆಳಗ್ಗೆ ಮ್ಯಾಕಲ್ಸ್‌ಫೀಲ್ಡಿನಿಂದ ಬಕ್ಸ್‌ಟನ್‌ಗೆ ಹೋಗುವ ಎ537 ರಸ್ತೆಯಲ್ಲಿ ಹೋದೆ. ವೇಗಕ್ಕೆ ಗಂಟೆಗೆ 50 ಮೈಲಿಯ ಮಿತಿ ಇದೆ, ಕ್ಯಾಮೆರಾ ಇದೆ. ಆದರೂ ಆ ತಿರುವುಗಳಲ್ಲಿ ಸ್ಟಿಯರಿಂಗ್ ಕೈಗೆ ಕೊಡುವ ಸುದ್ದಿ ಇದೆಯಲ್ಲ, ಎಂಜಿನ್ ಚಿಕ್ಕದಾಗಿ ಹಿಂದೆ ಸರಿದು ಕೂತಿರುವುದರ ಗುಣ ಆಗ ಗೊತ್ತಾಗುತ್ತದೆ. ಹಿಂದಿನ ಬಾಗಿಲು ಬೀರುವಿನ ಹಾಗೆ ಹಿಂದಕ್ಕೆ ತೆರೆಯುತ್ತದೆ, ನಡುವೆ ಕಂಬ ಇಲ್ಲ. ಇಬ್ಬರು ಮಕ್ಕಳನ್ನು ಆರಾಮಾಗಿ ಕೂರಿಸಬಹುದು. ಸ್ಪೋರ್ಟ್ಸ್ ಕಾರಿಗೆ ಹೆಂಡತಿಯ ಒಪ್ಪಿಗೆ ಸಿಕ್ಕಿದ್ದೇ ಈ ಬಾಗಿಲಿನಿಂದ.

ಪೆಟ್ರೋಲ್ ಕೇಳಬೇಡಿ. ಕೇಳಿದರೆ ಹೇಳುತ್ತೇನೆ, ಗ್ಯಾಲನ್ನಿಗೆ 18 ಮೈಲಿ, ಲೀಟರಿಗೆ ಆರು ಕಿಲೋಮೀಟರ್ ಚಿಲ್ಲರೆ. ಆಯಿಲ್ ಕೂಡ ಕುಡಿಯುತ್ತದೆ, ಕುಡಿಯಲೇಬೇಕು, ಸೀಲ್‌ಗೆ ಜಾರಲೆಂದು ಎಂಜಿನ್ ತಾನೇ ಒಳಗೆ ಆಯಿಲ್ ಬಿಟ್ಟುಕೊಳ್ಳುತ್ತದೆ. ಎರಡು ಸಲ ಟ್ಯಾಂಕ್ ತುಂಬಿಸಿದರೆ ಒಂದು ಸಲ ಡಿಪ್‌ಸ್ಟಿಕ್ ನೋಡುತ್ತೇನೆ. ಅದು ಸಾಲದು ಅಂತ ಪೆಟ್ರೋಲಿಗೂ ಸ್ವಲ್ಪ ಟೂ-ಸ್ಟ್ರೋಕ್ ಆಯಿಲ್ ಬೆರೆಸುವವರಿದ್ದಾರೆ, ನಾನೂ ಬೆರೆಸುತ್ತೇನೆ. ಇದನ್ನು ಕೇಳಿ ಅಪ್ಪನಿಗೆ ಭಾರೀ ಖುಷಿ. ಮೈಸೂರಿನ ಐಡಿಯಲ್ ಜಾವಾದ ಟೂ-ಸ್ಟ್ರೋಕ್ ಬೈಕ್ ಯೆಜ್ಡಿಯನ್ನು ಇಪ್ಪತ್ತು ವರ್ಷ ಓಡಿಸಿದವರು. "ಲಂಡನ್ನಿಗೆ ಹೋಗಿ ಯೆಜ್ಡಿನೇ ತಗೊಂಡ್ಯಲ್ಲೋ" ಅಂದರು. ಕವೆಂಟ್ರಿ ಲಂಡನ್ ಅಲ್ಲ ಅಂತ ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ. ರೋಡ್ ಟ್ಯಾಕ್ಸ್‌ಗೆ ಒಂದು ಕಿವಿಮಾತು: 2006ರ ಮಾರ್ಚ್ 23ಕ್ಕಿಂತ ಮುಂಚೆ ರಿಜಿಸ್ಟರ್ ಆದ ಗಾಡಿಗೆ ವರ್ಷಕ್ಕೆ 400 ಪೌಂಡ್ ಚಿಲ್ಲರೆ, ಆಮೇಲಿನದ್ದಕ್ಕೆ 700ರ ಮೇಲೆ. ಅದೇ ಕಾರು, ಅದೇ ಹೊಗೆ.

ಸ್ಟಾರ್ ಕೊಡಲೇಬೇಕು ಅಂದರೆ ಗಾಡಿಗೆ ನಾಲ್ಕು, ಖರ್ಚಿಗೆ ಒಂದೂವರೆ. ಈವರೆಗೆ 7 ಸಾವಿರ ಮೈಲಿ ಓಡಿಸಿದ್ದೇನೆ. ಹೋದ ತಿಂಗಳು ಮತ್ತೆ ಕಂಪ್ರೆಶನ್ ನೋಡಿಸಿದರೆ ಹಿಂದಿನ ರೋಟರ್ 7.4, 7.3, 7.4. ಒಂದೆರಡು ಕೂದಲೆಳೆ ಇಳಿದಿದೆ, ನಿದ್ದೆ ಕೆಡುವಷ್ಟಿಲ್ಲ.

ಕೈಕೊಟ್ಟಿದ್ದು ಒಂದೇ ಸಲ, ಅದೂ ನನ್ನ ತಪ್ಪಿನಿಂದ. ಜನವರಿಯ ಚಳಿಯಲ್ಲಿ ಹೆಂಡತಿಯ ಕಾರಿಗೆ ದಾರಿ ಬಿಡಲು ಇದನ್ನು ಹತ್ತು ಅಡಿ ಹಿಂದೆ ತೆಗೆದು ತಕ್ಷಣ ಆಫ್ ಮಾಡಿದೆ. ತಣ್ಣಗಿರುವಾಗ ಈ ಎಂಜಿನ್ ಪೆಟ್ರೋಲ್ ಜಾಸ್ತಿ ಸುರಿದುಕೊಳ್ಳುತ್ತದೆ, ಅದು ಉರಿದು ಮುಗಿಯುವ ಮೊದಲೇ ಆಫ್ ಮಾಡಿದರೆ ಪ್ಲಗ್ ಒದ್ದೆ, ಗೋಡೆಯ ಆಯಿಲ್ ಪದರವೂ ತೊಳೆದು ಹೋಗುತ್ತದೆ. ಮರುದಿನ ಎಷ್ಟು ತಿರುಗಿಸಿದರೂ ಹತ್ತಲಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕ್ರ್ಯಾಂಕ್ ಮಾಡಿದರೆ ಪೆಟ್ರೋಲ್ ನಿಂತು ಒಳಗಿನದು ಆರುತ್ತದೆ ಅಂತ ಗೊತ್ತಿತ್ತು, ಹಾಗೆ ಮಾಡುವಷ್ಟರಲ್ಲಿ ಬ್ಯಾಟರಿ ಕೂತುಹೋಯಿತು. ಕೊನೆಗೆ ಪ್ಲಗ್ ಬಿಚ್ಚಿ ಒರೆಸಿ, ಜಂಪ್ ಕೊಟ್ಟು, ಬೀದಿ ತುಂಬಾ ಬಿಳಿ ಹೊಗೆ ಎಬ್ಬಿಸಿ ಸ್ಟಾರ್ಟ್ ಆಯಿತು. ಎದುರು ಮನೆಯವರು ಫೈರ್ ಇಂಜಿನ್ನಿಗೆ ಫೋನ್ ಮಾಡಬೇಕಾ ಅಂತ ಕೇಳಿದರು.

ಈಗ ಯಾರಾದರೂ ಗಾಡಿ ಸ್ವಲ್ಪ ಸರಿಸ್ತೀರಾ ಅಂದರೆ ಸರಿ ಅಂತ ಹೊರಟು, ಎಂಜಿನ್ ಬಿಸಿಯಾಗಲಿ ಅಂತ ಪಕ್ಕದ ಊರು ಕೆನಿಲ್‌ವರ್ತ್‌ವರೆಗೆ ಹೋಗಿ, ಹಾಲು ತಗೊಂಡು ಬರುತ್ತೇನೆ. ಫ್ರಿಜ್ಜಿನಲ್ಲಿ ಈಗ ಮೂರು ಬಾಟಲ್ ಇದೆ.