ಅಮೆರಿಕದಲ್ಲಿ ಬಾರ್, ಗ್ಯಾಸ್ ಸ್ಟೇಷನ್ ನಡೆಸೋ ಕನ್ನಡದವರು ಸರ್ಕಾರಿ ಸಾಲಕ್ಕೆ ಹಾಕೋ ಮುಂಚೆ ಓದಿ

ಇಲಿನಾಯ್‌ನಲ್ಲಿ ನಾನು, ನಮ್ಮ ಭಾವ ಸೇರಿ ಒಂದು ಸಣ್ಣ ಬಾರ್ ನಡೆಸ್ತಿದ್ವಿ. ಒಳಗೆ ವಿಡಿಯೋ ಗೇಮಿಂಗ್ ಮಷೀನ್ ಇತ್ತು, ರಾಜ್ಯವೇ ಲೈಸೆನ್ಸ್ ಕೊಟ್ಟು ಟ್ಯಾಕ್ಸ್ ತಗೊಳ್ಳೋ ಮಷೀನು. 2020ರ ಮಾರ್ಚಲ್ಲಿ ಕೋವಿಡ್ ಅಂತ ಬಾರ್ ಮುಚ್ಚಿಸಿದ್ರು, ಹುಡುಗರಿಗೆ ಸಂಬಳ ಕೊಡೋಕೆ ಪಿಪಿಪಿ (ಕೋವಿಡ್ ಟೈಮಲ್ಲಿ ಸಂಬಳಕ್ಕೆ ಅಂತ ಕೇಂದ್ರ ಸರ್ಕಾರ ಬ್ಯಾಂಕ್ ಮೂಲಕ ಕೊಡಿಸ್ತಿದ್ದ ಸಾಲ) ಕೇಳೋಣ ಅಂತ ಬ್ಯಾಂಕಿಗೆ ಹೋದ್ರೆ ನಿಮ್ದು ಜೂಜಿನ ವರಮಾನ ಜಾಸ್ತಿ, ಬರಲ್ಲ ಅಂತ ಬಾಯಲ್ಲೇ ಹೇಳಿ ಕಳಿಸಿದ್ರು.

ರೂಲ್ ಇದ್ದಿದ್ದು ನಿಜ. ವರಮಾನದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಾನೂನುಬದ್ಧ ಜೂಜಿಂದಲೇ ಬಂದ್ರೂ ಎಸ್‌ಬಿಎ (ಸಣ್ಣ ವ್ಯಾಪಾರಗಳಿಗೆ ಸಾಲ ಕೊಡಿಸೋ ಕೇಂದ್ರ ಸರ್ಕಾರದ ಇಲಾಖೆ) ಸಾಲ ಇಲ್ಲ. ಆದ್ರೆ ಪಿಪಿಪಿಗೆ ಮಾತ್ರ ಏಪ್ರಿಲ್ 14ಕ್ಕೆ ಸ್ವಲ್ಪ ಸಡಿಲ ಮಾಡಿ, 24ಕ್ಕೆ ಆ ಅಡ್ಡಿ ತೆಗೆದೇಬಿಟ್ರು, 27ಕ್ಕೆ ಪಿಪಿಪಿ ದುಡ್ಡಿನ ಎರಡನೇ ಸುತ್ತು ಶುರುವಾಯ್ತು. ಬ್ಯಾಂಕಿನವರು ಇದನ್ನ ನಮಗೆ ಹೇಳಲೇ ಇಲ್ಲ! ಬೇರೆಯವರಿಂದ ಗೊತ್ತಾಗಿ ಮತ್ತೆ ಅರ್ಜಿ ಹಾಕಿ ದುಡ್ಡು ಬರೋಷ್ಟರಲ್ಲಿ ನಮ್ಮ ಅಡುಗೆಯವರು ಬಾಡಿಗೆ ಕಟ್ಟೋಕಾಗದೆ ಊರೇ ಬಿಟ್ಟಿದ್ರು. ಅದೇ ಏಪ್ರಿಲಲ್ಲಿ ಒಂದು ದೊಡ್ಡ ಸ್ಟೇಕ್‌ಹೌಸ್ ಚೈನ್‌ಗೆ 2 ಕೋಟಿ ಡಾಲರ್ ಸಿಕ್ಕಿತ್ತು (ಗಲಾಟೆ ಆದ್ಮೇಲೆ ವಾಪಸ್ ಕೊಟ್ರು). ಪಾತ್ರೆ ತೊಳೆಯೋನಿಗೂ ಮೂಲೇಲಿರೋ ಮಷೀನಿಗೂ ಏನ್ ಸಂಬಂಧ? ಒಳ್ಳೆ ವ್ಯಾಪಾರ ಕೆಟ್ಟ ವ್ಯಾಪಾರ ಅಂತ ಗೆರೆ ಎಳೆದ್ರೆ ಮೊದಲು ಹೊಟ್ಟೆಗೆ ಹೊಡೆಯೋದು ಇಂಥವರಿಗೇ.

ಸ್ಟ್ರಿಪ್ ಕ್ಲಬ್ಬಿನವರನ್ನೂ ಇದೇ ರೀತಿ ಪಿಪಿಪಿಯಿಂದ ಹೊರಗಿಟ್ಟಿದ್ರು. ಮಿಷಿಗನ್‌ನ ಫ್ಲಿಂಟ್ ಊರಿನ ಕ್ಲಬ್ ಒಂದು 2020ರ ಮೇನಲ್ಲಿ ಕೋರ್ಟಲ್ಲಿ ಗೆದ್ದಿತು, ವಿಸ್ಕಾನ್ಸಿನ್ ಕೇಸಲ್ಲಿ ಮಾತ್ರ 2022ರಲ್ಲಿ ಮೇಲಿನ ಕೋರ್ಟು ಸರ್ಕಾರದ ಪರ ಹೇಳ್ತು. ಅಂದ್ರೆ ಕೋರ್ಟನ್ನ ನಂಬ್ಕೊಂಡು ಕೂರೋ ಹಾಗಿಲ್ಲ. ಗಾಂಜಾ ಅಂಗಡಿ ರಾಜ್ಯದಲ್ಲಿ ಲೀಗಲ್ ಆದ್ರೂ ಫೆಡರಲ್ (ಕೇಂದ್ರ ಸರ್ಕಾರದ) ಸಾಲ ಇಲ್ಲ.

ಇನ್ನೊಂದು ಮುಖ್ಯ. ಆ ಟೈಮಲ್ಲಿ ಒಬ್ಬ ಏಜೆಂಟ್ ಬಂದು, ಕಮಿಷನ್ ಕೊಡಿ, ಇಐಡಿಎಲ್ (ಎಸ್‌ಬಿಎಯ ಇನ್ನೊಂದು ಸಾಲ, ವಿಪತ್ತಲ್ಲಿ ನಷ್ಟ ಆದ ವ್ಯಾಪಾರಕ್ಕೆ) ಅರ್ಜೀಲಿ ಜೂಜಿನ ಪ್ರಶ್ನೆಗೆ ವರಮಾನ ಅಷ್ಟಿಲ್ಲ ಅಂತ ನಾನೇ ಟಿಕ್ ಹಾಕ್ತೀನಿ, ಯಾರೂ ನೋಡಲ್ಲ ಅಂದ. ಪಿಪಿಪಿಗೆ ತೆಗೆದ ಅಡ್ಡಿ ಇಐಡಿಎಲ್‌ಗೆ ಹಾಗೇ ಇತ್ತು, ನಾವು ಅವನನ್ನ ವಾಪಸ್ ಕಳಿಸಿದ್ವಿ. ಸುಳ್ಳು ಟಿಕ್ ಅಂದ್ರೆ ಜೈಲಿಗೆ ಹೋಗೋ ಕೇಸು ಕಣ್ರೀ, 2022ರ ಆಗಸ್ಟಲ್ಲಿ ಈ ಸಾಲಗಳ ಮೋಸಕ್ಕೆ ಕೇಸ್ ಹಾಕೋ ಅವಧೀನ 10 ವರ್ಷ ಮಾಡಿದಾರೆ.

ಹಾಗಾಗಿ ಪ್ರವಾಹ, ಚಂಡಮಾರುತ ಏನೇ ಬರಲಿ, ಅರ್ಜಿ ಹಾಕೋ ಮುಂಚೆ ಲಾಟರಿ, ಮಷೀನ್ ವರಮಾನದ ಲೆಕ್ಕ ಬೇರೆ ಇಡಿ. ಬರಲ್ಲ ಅಂದ್ರೆ ಯಾವ ರೂಲ್, ಯಾವ ತಾರೀಖಿಂದು ಅಂತ ಬರೆದು ಕೊಡೋಕೆ ಹೇಳಿ, ಆ ರೂಲ್ ಈಗಲೂ ಇದೆಯಾ ಅಂತ ನೀವೇ ಎಸ್‌ಬಿಎ ಸೈಟಲ್ಲಿ ನೋಡಿ.